ಹಳೇ ಕಿಟಕಿ ಪೂರ್ತಿ ಕೀಳಬೇಕಾ? ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಪ್ರಶ್ನೆ: ನಮಸ್ಕಾರ ಸರ್. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಅಜ್ಜ 1964ರಲ್ಲಿ ಕಟ್ಟಿಸಿದ ಮನೆ ಇದೆ. ಮುಂದಿನ ಭಾಗ ಕಲ್ಲು-ಮಣ್ಣಿನ ಗೋಡೆ, ಮಂಗಳೂರು ಹಂಚು. ಹಿಂದಿನ ಎರಡು ಕೋಣೆ 1982ರಲ್ಲಿ ಕಟ್ಟಿದ ಆರ್‌ಸಿಸಿ. ಒಟ್ಟು 11 ಕಿಟಕಿ, ಹೆಚ್ಚುಕಮ್ಮಿ ಎಲ್ಲವೂ 4×4 ಅಡಿ. ಮುಂದಿನ 8 ಸಾಗವಾನಿ, ಹಿಂದಿನ 3 ಕಬ್ಬಿಣದವು. ಮಳೆಗಾಲದಲ್ಲಿ ಪಶ್ಚಿಮದ ಕಿಟಕಿಗಳಿಂದ ನೀರು ಒಳಗೆ ಬರುತ್ತದೆ. ಎರಡು ಕಿಟಕಿ ಮುಚ್ಚುವುದೇ ಇಲ್ಲ. ಅಂಗಡಿಯವರು ಎಲ್ಲವನ್ನೂ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಸ್ಲೈಡಿಂಗ್ ಹಾಕೋಣ, ಚದರ ಅಡಿಗೆ 750 ರೂಪಾಯಿ, ಜಿಎಸ್‌ಟಿ ಬೇರೆ ಎಂದಿದ್ದಾರೆ. ಅಪ್ಪ ಸಾಗವಾನಿ ಮುಟ್ಟಬೇಡ ಅಂತಾರೆ. ನನ್ನ ಹೆಂಡತಿಗೆ ಸೊಳ್ಳೆ, ಧೂಳು, ನೀರು ಮೂರರಿಂದಲೂ ಸಾಕಾಗಿದೆ. ಏನು ಮಾಡಲಿ?

ಉತ್ತರ: ಹನ್ನೊಂದನ್ನೂ ಬದಲಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಹಿಂದಿನ ಮೂರು ಕಬ್ಬಿಣದ ಕಿಟಕಿ ಬದಲಿಸಿ. ಮುಂದಿನ ಎಂಟನ್ನು ಒಂದೊಂದಾಗಿ ನೋಡಿ, ಬಹುಶಃ ಎಲ್ಲವೂ ರಿಪೇರಿಗೆ ಬರುತ್ತವೆ. ಆದರೆ ಎರಡಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ ಇದೆ. ನೀರು ನಿಜವಾಗಿ ಎಲ್ಲಿಂದ ಒಳಗೆ ಬರುತ್ತಿದೆ ಅಂತ ಕಂಡುಹಿಡಿಯಬೇಕು. ಇಪ್ಪತ್ತೆರಡು ವರ್ಷದಿಂದ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಳೆ ಮನೆಗಳ ರಿಪೇರಿ ಮಾಡಿಸುತ್ತಾ ಬಂದಿದ್ದೇನೆ. ಹೊಸ ಕಿಟಕಿ ಹಾಕಿಸಿ, ಮುಂದಿನ ಮಿರಗದ ಮಳೆಯಲ್ಲೇ ಮತ್ತೆ ನೆಲ ಒರೆಸುತ್ತಾ ಕೂತವರನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕಿಟಕಿ ಹೊಸದು, ಗೋಡೆಯ ಬಿರುಕು ಹಳೆಯದೇ. ದುಡ್ಡು ಹೋಯಿತು, ನೀರು ಉಳಿಯಿತು.

ಧಾರವಾಡದ ಮಳೆ ನಿಮಗೇ ಗೊತ್ತು. ಅರೆಮಲೆನಾಡು. ಆಷಾಢದ ಗಾಳಿಗೆ ಮಳೆ ನೆಟ್ಟಗೆ ಬೀಳುವುದಿಲ್ಲ, ಪಶ್ಚಿಮದಿಂದ ಅಡ್ಡ ಹೊಡೆಯುತ್ತದೆ, ಜಿಟಿಜಿಟಿ ಮಳೆ ಎರಡು ಮೂರು ದಿನ ಹಿಡಿದರೆ ಗೋಡೆಯೇ ಒದ್ದೆಯಾಗಿ ನಿಲ್ಲುತ್ತದೆ. ಅಂಥ ಗೋಡೆಯಲ್ಲಿ ನೀರು ಕಿಟಕಿಯ ಹತ್ತಿರ ಕಂಡಿತು ಅಂದ ಮಾತ್ರಕ್ಕೆ ಕಿಟಕಿಯಿಂದಲೇ ಬಂತು ಅನ್ನಲಾಗದು. ಗೋಡೆಯ ಒಳಗೆ ಇಳಿದ ನೀರಿಗೆ ಹೊರಬರಲು ಸಿಗುವ ಮೊದಲ ಜಾಗ ಚೌಕಟ್ಟಿನ ಸಂದು. ಅಲ್ಲಿ ಕಾಣಿಸಿಕೊಳ್ಳುತ್ತದೆ ಅಷ್ಟೇ.

ಹಾಗಾಗಿ ಒಂದು ಒಣ ದಿನ ನೋಡಿ ಈ ಪರೀಕ್ಷೆ ಮಾಡಿ. ಗಿಡಗಳಿಗೆ ನೀರು ಬಿಡುವ ಪೈಪ್ ಸಾಕು. ಒಬ್ಬರು ಹೊರಗೆ, ಒಬ್ಬರು ಒಳಗೆ. ಒಳಗಿನವರ ಕೈಯಲ್ಲಿ ಟಾರ್ಚ್ ಇರಲಿ, ಕಿಟಕಿಯ ಕಟ್ಟೆಯ ಮೇಲೆ ಹಳೆ ದಿನಪತ್ರಿಕೆ ಹಾಸಿ. ಒಂದು ಹನಿ ಬಿದ್ದರೂ ಕಾಗದದ ಮೇಲೆ ಕಪ್ಪಗೆ ಕಾಣುತ್ತದೆ. ಹೊರಗಿನವರು ಮೊದಲು ಕಿಟಕಿಯ ಕೆಳಗಿನ ಕಟ್ಟೆಗೆ ಮಾತ್ರ ನೀರು ಬಿಡಬೇಕು. ಹತ್ತು ನಿಮಿಷ. ಏನೂ ಬರಲಿಲ್ಲವಾ, ಆಮೇಲೆ ಚೌಕಟ್ಟಿನ ಎರಡು ಪಕ್ಕ. ಆಮೇಲೆ ಗಾಜು. ಆಮೇಲೆ ಮೇಲಿನ ಪಟ್ಟಿ. ಕೊನೆಗೆ ಕಿಟಕಿಯ ತಲೆಯ ಮೇಲೆ ಹೊರಚಾಚಿದ ಸಜ್ಜಾದ ಮೇಲೆ, ಸಜ್ಜಾ ಗೋಡೆಗೆ ಸೇರುವ ಮೂಲೆಗೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಬರುತ್ತದೆ, ಎಲ್ಲಿಂದ ಒಳಗೆ ಹೋಯಿತು ಅಂತ ಹೇಳಲು ಬರುವುದಿಲ್ಲ. ಪೈಪಿನ ಬಾಯಿಗೆ ಬೆರಳು ಕೊಟ್ಟು ಜೋರಾಗಿ ಚಿಮ್ಮಿಸಬೇಡಿ, ಸುಮ್ನೆ ಹರಿಯಲು ಬಿಡಿ. ಒಂದು ಕಿಟಕಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಲಕ್ಷ ರೂಪಾಯಿಯ ತೀರ್ಮಾನ ಇದರ ಮೇಲೆ ನಿಂತಿದೆ.

ಸಜ್ಜಾದಿಂದ ಬಂದರೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಸಜ್ಜಾ ಮತ್ತು ಗೋಡೆ ಸೇರುವ ಕಡೆ ಕೂದಲೆಳೆಯಂಥ ಬಿರುಕು. ಅದನ್ನು ಮೇಲೆ ಮೇಲೆ ಬಳಿದು ಮುಚ್ಚಬಾರದು. ಅರ್ಧ ಇಂಚು ಅಗಲಕ್ಕೆ ಕೊರೆದು ತೆಗೆದು, ಧೂಳು ತೊಳೆದು, ವಾಟರ್‌ಪ್ರೂಫ್ ಗಾರೆ ತುಂಬಿ, ಮೂಲೆಗೆ ಇಳಿಜಾರು ಬರುವ ಹಾಗೆ ಗೋಲಾಕಾರದಲ್ಲಿ ಉಜ್ಜಿಸಬೇಕು. ಇನ್ನೊಂದು ಕಾರಣ ಬಹಳ ಜನರ ಕಣ್ಣಿಗೆ ಬೀಳುವುದೇ ಇಲ್ಲ. ಸಜ್ಜಾದ ಅಂಚಿನ ಕೆಳಭಾಗವನ್ನು ಬಗ್ಗಿ ನೋಡಿ. ಅಲ್ಲಿ ಉದ್ದಕ್ಕೂ ಬೆರಳಗಲದ ಒಂದು ತೋಡು ಇರಬೇಕು. ಮೇಲಿನಿಂದ ಬಂದ ನೀರು ಆ ತೋಡಿಗೆ ಬಂದ ಕೂಡಲೇ ಮುಂದೆ ಹೋಗಲಾರದೆ ತೊಟ್ಟಿಕ್ಕುತ್ತದೆ. ತೋಡು ಇಲ್ಲದಿದ್ದರೆ ನೀರು ಸಜ್ಜಾದ ಹೊಟ್ಟೆಗೆ ಅಂಟಿಕೊಂಡೇ ಗೋಡೆಯವರೆಗೆ ತೆವಳಿ ಬಂದು, ಚೌಕಟ್ಟಿನ ತಲೆಯ ಮೇಲೆ ಇಳಿಯುತ್ತದೆ. ಈಗ ತೋಡು ಕೊರೆಯಲು ಆಗದಿದ್ದರೆ ಅಂಚಿಗೆ ಒಂದು ಅಲ್ಯೂಮಿನಿಯಂ ಎಲ್ ಪಟ್ಟಿ ಕೂರಿಸಿದರೂ ಕೆಲಸ ಆಗುತ್ತದೆ. ನಿಮ್ಮ ಹಳೆ ಭಾಗದ ಸಜ್ಜಾ ಫರಸಿಯದೋ ಸಿಮೆಂಟಿನದೋ ನೀವು ಬರೆದಿಲ್ಲ. ಎರಡಕ್ಕೂ ಈ ಪಟ್ಟಿ ನಡೆಯುತ್ತದೆ.

ಕೆಳಗಿನ ಕಟ್ಟೆಯಿಂದ ಬಂದರೆ ಇಳಿಜಾರು ನೋಡಿ. ಕಟ್ಟೆಯ ಮೇಲೆ ಒಂದು ಗೋಲಿ ಇಟ್ಟರೆ ಅದು ಹೊರಗೆ ಉರುಳಬೇಕು. ಎಷ್ಟೋ ಮನೆಗಳಲ್ಲಿ ಒಳಗೆ ಉರುಳುತ್ತದೆ! ಆರು ಇಂಚಿಗೆ ಕಾಲು ಇಂಚಾದರೂ ಹೊರಗಿನ ಕಡೆ ಇಳಿಜಾರು ಬೇಕು. ಫರಸಿ ಅಥವಾ ಕಡಪಾ ಕಲ್ಲು ಗೋಡೆಯಿಂದ ಒಂದು ಇಂಚು ಹೊರಚಾಚಿರಬೇಕು, ಅದರ ಕೆಳಗೂ ಅಂಥದೇ ತೋಡು ಬೇಕು. ಕಲ್ಲಿನ ಒಳ ಅಂಚು ಚೌಕಟ್ಟಿನ ಅಡಿಗೆ ಹೋಗಬೇಕು, ಚೌಕಟ್ಟಿಗೆ ತಾಗಿ ನಿಂತರೆ ಸಾಲದು. ಇದು ಗೌಂಡಿಯ ಒಂದು ದಿನದ ಕೆಲಸ.

ಗಾಜಿನಿಂದ ಬಂದರೆ ಇನ್ನೂ ಸುಲಭ. ಹಳೆ ಸಾಗವಾನಿ ಕದಗಳಲ್ಲಿ ಗಾಜನ್ನು ಹಿಡಿದಿರುವುದು ಪುಟ್ಟಿ. ಚಾಕ್ ಪುಡಿಗೆ ಅಗಸೆ ಎಣ್ಣೆ ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ ಮಾಡುತ್ತಿದ್ದದ್ದು. ನಾವು ಚಟ್ನಿಗೆ ಹುರಿಯುತ್ತೇವಲ್ಲ, ಅದೇ ಅಗಸೆ. ಎಣ್ಣೆ ಪೂರ್ತಿ ಒಣಗಿದ ಮೇಲೆ ವರ್ಷಗಳು ಹೋದಂತೆ ಪುಟ್ಟಿ ಬಿರಿಯುತ್ತದೆ, ಉದುರುತ್ತದೆ, ಆ ಸಂದಿಯಿಂದ ನೀರು ಕದದ ಕೆಳಗಿನ ಪಟ್ಟಿಗೆ ಇಳಿದು ಅಲ್ಲೇ ಕೂರುತ್ತದೆ. ಮೊದಲು ಕೊಳೆಯುವುದೂ ಆ ಕೆಳಗಿನ ಪಟ್ಟಿಯೇ. ಹಳೆ ಪುಟ್ಟಿ ಕೆರೆದು ತೆಗೆದು, ಮರಕ್ಕೆ ಒಂದು ಕೈ ಎಣ್ಣೆಯೋ ಪ್ರೈಮರೋ ಹಚ್ಚಿ, ಹೊಸ ಪುಟ್ಟಿ ತುಂಬಿ. ಒಣ ಮರಕ್ಕೆ ನೇರ ಪುಟ್ಟಿ ಹಾಕಿದರೆ ಮರ ಅದರ ಎಣ್ಣೆ ಹೀರಿಬಿಡುತ್ತದೆ, ಬೇಗ ಬಿರುಕು ಬರುತ್ತದೆ.

ಈಗ ಮರದ ವಿಷಯ. ನಿಮ್ಮ ತಂದೆಯವರು ಹೇಳುವುದು ಬರೀ ಅಭಿಮಾನದ ಮಾತಲ್ಲ. ಆ ಕಾಲದಲ್ಲಿ ಚೌಕಟ್ಟಿಗೆ ಬಳಸುತ್ತಿದ್ದದ್ದು ಬಲಿತ ಮರದ ತಿರುಳು. ಸಾಗವಾನಿಯ ತಿರುಳಿನಲ್ಲಿ ಎಣ್ಣೆಯಂಶ ಇರುವುದರಿಂದ ಒರಲೆ ಸುಲಭಕ್ಕೆ ಮುಟ್ಟುವುದಿಲ್ಲ. ಒರಲೆ ತಿನ್ನುವುದು ತಿರುಳಿನ ಸುತ್ತ ಇರುವ ಬಿಳಿ ಭಾಗವನ್ನು. ಈಗ ಕಟ್ಟಿಗೆ ಅಡ್ಡೆಗೆ ಹೋಗಿ ಹೊಸ ಸಾಗವಾನಿ ಕೇಳಿದರೆ ಸಿಗುವ ಎಷ್ಟೋ ಪಟ್ಟಿಗಳಲ್ಲಿ ಈ ಬಿಳಿ ಭಾಗವೇ ಜಾಸ್ತಿ. ಅಂದರೆ ನೀವು ಕಿತ್ತು ಕೊಡುವ ಮರ, ಇವತ್ತು ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದ ಮರ. ಅದಕ್ಕೇ ಕೆಲವರು "ಹಳೆ ಕಟ್ಟಿಗೆ ನಾವೇ ಒಯ್ತೀವಿ, ಕಿತ್ತೋ ಕೂಲಿ ಬೇಡ" ಅಂತ ಹೇಳುವುದು. ಕೂಲಿಗಿಂತ ಆ ಕಟ್ಟಿಗೆಯ ಬೆಲೆ ಎಷ್ಟೋ ಪಾಲು ಹೆಚ್ಚು. ಯಾವ ಕಾರಣಕ್ಕೂ ಹಾಗೆ ಕೊಡಬೇಡಿ.

ಮರ ಗಟ್ಟಿ ಇದೆಯಾ ನೋಡಲು ಒಂದು ಸಣ್ಣ ಸ್ಕ್ರೂಡ್ರೈವರ್ ತಗೊಳ್ಳಿ. ಚೌಕಟ್ಟಿನ ಕೆಳಗಿನ ಎರಡು ಮೂಲೆ, ಕದದ ಕೆಳಗಿನ ಪಟ್ಟಿ, ಬಿಜಾಗರಿ ಕೂತ ಜಾಗ, ಇಷ್ಟು ಕಡೆ ಒತ್ತಿ ನೋಡಿ. ತುದಿ ಮೇಲೆಯೇ ನಿಂತರೆ ಮರ ಚೆನ್ನಾಗಿದೆ. ಕಾಲು ಇಂಚಿನವರೆಗೆ ಹೋದರೆ ಅಷ್ಟು ಭಾಗ ಕತ್ತರಿಸಿ ಹೊಸ ತುಂಡು ಕೂರಿಸಬಹುದು. ಬೆರಳುದ್ದ ಸಲೀಸಾಗಿ ಇಳಿದು ಹೋದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಪಟ್ಟಿಯನ್ನು ಪೂರ್ತಿ ಬದಲಿಸಬೇಕು. ಪಟ್ಟಿಯನ್ನು ಅಂತ ಹೇಳಿದೆ, ಕಿಟಕಿಯನ್ನಲ್ಲ.

ಹಳೆ ಬಡಿಗೇರರು ಕದ ಮಾಡಿದ ರೀತಿ ನೋಡಿದರೆ ಇದು ಅರ್ಥ ಆಗುತ್ತದೆ. ಮೊನ್ನೆ ಹಾವೇರಿಯ ಒಂದು ಮನೆಯಲ್ಲಿ ಕದ ಬಿಚ್ಚಿಸಿದೆ. ಬಣ್ಣದ ಆರೇಳು ಪದರ ಕೆರೆದ ಮೇಲೆ ಬಿಜಾಗರಿಯ ಪಕ್ಕದಲ್ಲಿ ಉಳಿಯಿಂದ ಹೊಡೆದ ಮೂರು ಸಣ್ಣ ಗೀರು ಕಂಡವು. ಚೌಕಟ್ಟಿನ ಮೇಲೂ ಸರಿಯಾಗಿ ಅದರ ಎದುರಿಗೇ ಮೂರು ಗೀರು. ಪಕ್ಕದ ಕಿಟಕಿಗೆ ನಾಲ್ಕು. ಯಾವ ಕದ ಯಾವ ಚೌಕಟ್ಟಿಗೆ ಅಂತ ತಪ್ಪದಿರಲಿ ಅಂತ ಬಡಿಗೇರರು ಹಾಕಿಕೊಂಡ ಗುರುತು. ಮೂಲೆಯಲ್ಲಿ ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಂದು ಪಟ್ಟಿಯ ನಾಲಿಗೆ ಇನ್ನೊಂದರ ತೂತಿನಲ್ಲಿ ಕೂತು, ಅಡ್ಡಕ್ಕೆ ಒಂದು ಮರದ ಗೂಟ. ಹಿಂದಿನಿಂದ ಗೂಟಕ್ಕೆ ಮೆಲ್ಲಗೆ ಎರಡು ಏಟು ಕೊಟ್ಟರೆ ಹೊರಗೆ ಬಂತು, ಕೊಳೆತ ಕೆಳಪಟ್ಟಿ ಕೈಗೆ ಬಂತು, ಹೊಸ ಪಟ್ಟಿ ಅದೇ ಅಳತೆಗೆ ಮಾಡಿ ಕೂರಿಸಿದ್ದಾಯಿತು. ಮುಂದೊಂದು ದಿನ ಯಾರೋ ರಿಪೇರಿ ಮಾಡುತ್ತಾರೆ ಅಂತ ಗೊತ್ತಿದ್ದೇ ಮಾಡಿದ ಕೆಲಸ ಅದು. ನಿಮ್ಮ ಮನೆಯ ಕದಗಳಲ್ಲೂ ಆ ಗುರುತು ಹುಡುಕಿ, ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಕದ ಅದಲು ಬದಲಾದರೆ ಯಾವುದೂ ಕೂರುವುದಿಲ್ಲ. ಒಡೆದ ಗಾಜು ಬದಲಿಸುವಾಗ ಮೊದಲಿದ್ದ ದಪ್ಪವನ್ನೇ ಹಾಕಿ. ಹಳೆಯದು 3 ಎಂಎಂ ಇದ್ದ ಕಡೆ "ಗಟ್ಟಿ ಇರಲಿ" ಅಂತ 5 ಎಂಎಂ ಹಾಕಿಸಿದರೆ ಚದರ ಮೀಟರಿಗೆ ಏಳೂವರೆ ಕೆಜಿ ಇದ್ದ ತೂಕ ಹನ್ನೆರಡೂವರೆ ಕೆಜಿ ಆಗುತ್ತದೆ. ಕದ ಜೋತು ಬೀಳುತ್ತದೆ.

ಕೆರೆಯುವಾಗ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಹಳೆ ಆಯಿಲ್ ಪೇಂಟಿನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 90 ಪಾಲು) ಜಾಸ್ತಿ ಇರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಕಿಟಕಿಯ ಮೇಲಿರುವುದು ಅರವತ್ತು ವರ್ಷದ ಪದರಗಳು. ಒಣಗಿದ್ದನ್ನು ಮಷಿನ್ ಹಿಡಿದು ಉಜ್ಜಿದರೆ ಆ ಪುಡಿ ಮನೆಯೆಲ್ಲಾ ಹರಡುತ್ತದೆ, ಮಕ್ಕಳ ಮೈಗೆ ಹೋಗುತ್ತದೆ. ಕದ ಬಿಚ್ಚಿ ಅಂಗಳಕ್ಕೆ ಒಯ್ದು, ನೀರು ಚಿಮುಕಿಸಿ, ಒದ್ದೆ ಮಾಡಿಯೇ ಉಜ್ಜಿಸಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪುಡಿಯನ್ನು ಸುತ್ತಿ ಎಸೆಯಿರಿ. ಗಿಡದ ಬುಡಕ್ಕೆ ಬೇಡ. ಕೆಲಸ ಮಾಡುವವರ ಮುಖಕ್ಕೆ ಮಾಸ್ಕ್ ಇರಲಿ, ಸಣ್ಣ ಮಕ್ಕಳು, ಬಸುರಿಯರು ಆ ದಿನ ಬೇರೆ ಮನೆಯಲ್ಲಿರಲಿ.

ಮುಚ್ಚದ ಆ ಎರಡು ಕಿಟಕಿ. ಮಳೆಗಾಲದಲ್ಲಿ ಮಾತ್ರ ಬಿಗಿಯಾಗುತ್ತವಾ, ವರ್ಷವಿಡೀ ಬಿಗಿಯಾ? ಮಳೆಗಾಲದಲ್ಲಿ ಮಾತ್ರ ಅಂದರೆ ಮರ ನೀರು ಕುಡಿದು ಉಬ್ಬಿದೆ. ಆಗಲೇ ರಂಧಾ ಹೊಡೆಸಿ ಮರ ಹೆರೆಸಬೇಡಿ. ಶ್ರಾವಣದಲ್ಲಿ ಹೊಡೆಸಿದರೆ ಯುಗಾದಿ ಹೊತ್ತಿಗೆ ಮರ ಒಣಗಿ ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ಮಳೆಗಾಲದಲ್ಲಿ ಎಲ್ಲಿ ತಾಗುತ್ತದೆ ಅಂತ ಪೆನ್ಸಿಲ್ ಗುರುತು ಹಾಕಿಡಿ, ದೀಪಾವಳಿ ಕಳೆದ ಮೇಲೆ ಆ ಗುರುತಿನಷ್ಟೇ ಕೆತ್ತಿಸಿ, ಕೆತ್ತಿದ ಅಂಚಿಗೆ ತಕ್ಷಣ ಬಣ್ಣ ಹಚ್ಚಿಸಿ. ಕದದ ಅಡಿ ಅಂಚಿಗೆ ಬಣ್ಣ ಹಚ್ಚುವುದನ್ನು ನಮ್ಮ ಪೇಂಟರ್‌ಗಳು ಮರೆಯುತ್ತಾರೆ, ಕಣ್ಣಿಗೆ ಕಾಣುವುದಿಲ್ಲ ಅಲ್ವಾ. ಮರ ನೀರು ಕುಡಿಯುವುದು ಅಲ್ಲಿಂದಲೇ.

ವರ್ಷವಿಡೀ ಬಿಗಿ ಇದ್ದು, ಕಿಟಕಿಯ ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಹೋಗಿದ್ದರೆ ಮಾತ್ರ ಅದು ಕಿಟಕಿಯ ರೋಗವಲ್ಲ, ಗೋಡೆ ಅಲುಗಾಡುತ್ತಿದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ ಮಣ್ಣಿನಲ್ಲಿ ಇದು ದಿನನಿತ್ಯದ ಕಥೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮೇಲಿನ ಮನೆ ಅದರ ಜೊತೆ ಏರಿ ಇಳಿಯುತ್ತದೆ. ನಿಮ್ಮ ಮನೆ ಹೆಸರಿಗೆ ತಕ್ಕ ಹಾಗೆ ಗಟ್ಟಿ ಮಡ್ಡಿ ನೆಲದ ಮೇಲೆ ಕೂತಿದ್ದರೆ ಈ ಕಾಟ ಕಡಿಮೆ. ಆದರೂ ನೋಡಿಬಿಡಿ. ಬಿರುಕಿಗೆ ಅಡ್ಡಲಾಗಿ ಮೂರು ಇಂಚು ಉದ್ದದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪಟ್ಟಿ ಮೆತ್ತಿ, ಮೇಲೆ ತಾರೀಕು ಬರೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಪಟ್ಟಿ ಒಡೆದರೆ ಗೋಡೆ ಇನ್ನೂ ಅಲುಗಾಡುತ್ತಿದೆ, ಮೊದಲು ಸಿವಿಲ್ ಇಂಜಿನಿಯರ್‌ಗೆ ತೋರಿಸಿ. ಆ ಗೋಡೆಗೆ ಹೊಸ ಯುಪಿವಿಸಿ ಹಾಕಿದರೆ ಎರಡು ವರ್ಷದಲ್ಲಿ ಅದೂ ಜಾಮ್ ಆಗುತ್ತದೆ, ಪ್ಲಾಸ್ಟಿಕ್ಕಿಗೆ ರಂಧಾ ಹೊಡೆಯಲು ಬರುವುದಿಲ್ಲ.

ಕಲ್ಲು-ಮಣ್ಣಿನ ಗೋಡೆಯಿಂದ ಚೌಕಟ್ಟು ಕೀಳುವ ಬಗ್ಗೆ ನನಗಾದ ಒಂದು ಅನುಭವ ಹೇಳಲೇಬೇಕು. ಕೆಲಸ ಶುರು ಮಾಡಿದ ಎರಡನೇ ವರ್ಷ, ಗದಗದ ಒಂದು ಹಳೆ ಮನೆ. ಮೇಲ್ಮುದ್ದೆಯ ಮಾಳಿಗೆ (ಮಣ್ಣು ಹಾಸಿದ ಚಾವಣಿ), ಎರಡಡಿ ದಪ್ಪದ ಗೋಡೆ. ಚೌಕಟ್ಟಿನ ಮೇಲೆ ತೊಲೆ ಇದ್ದೇ ಇರುತ್ತದೆ ಅಂದುಕೊಂಡು ಕೀಳಲು ಹೇಳಿದೆ. ತೊಲೆ ಇತ್ತು, ಆದರೆ ಗೋಡೆಯ ಒಳ ಅರ್ಧಕ್ಕೆ ಮಾತ್ರ. ಹೊರ ಅರ್ಧದ ಕಲ್ಲುಗಳನ್ನು ಐವತ್ತು ವರ್ಷದಿಂದ ಹೊತ್ತಿದ್ದದ್ದು ಆ ಚೌಕಟ್ಟಿನ ಮೇಲಿನ ಪಟ್ಟಿಯೇ. ಪಕ್ಕದ ಕಾಲು ಕಿತ್ತ ಕೂಡಲೇ ಮೇಲಿನಿಂದ ಮಣ್ಣು ಉದುರಲು ಶುರುವಾಯಿತು, ಹಿಂದೆಯೇ ಎರಡು ಕಲ್ಲು ಜಾರಿದವು. ಕೆಳಗಿದ್ದ ಹುಡುಗ ಹಿಂದಕ್ಕೆ ಹಾರಿದ್ದರಿಂದ ಬದುಕಿದ. ಆ ಸದ್ದು ನನಗೆ ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ, ಕಲ್ಲು-ಮಣ್ಣಿನ ಗೋಡೆಯಲ್ಲಿ ಚೌಕಟ್ಟಿನ ಮೇಲಿನ ಗಾರೆ ಎರಡೂ ಕಡೆ ಕೆರೆದು, ಪೂರ್ತಿ ದಪ್ಪಕ್ಕೆ ತೊಲೆ ಇದೆ ಅಂತ ಕಣ್ಣಾರೆ ನೋಡದೆ, ಕೆಳಗೆ ಜಾಕಿ ಕೊಡದೆ ಒಂದು ಮೊಳೆ ಕೀಳಲೂ ಬಿಟ್ಟಿಲ್ಲ. ನಿಮ್ಮ ಮುಂದಿನ ಭಾಗ ಇಂಥದೇ ಗೋಡೆ. ಆ ಎಂಟು ಚೌಕಟ್ಟು ಅಲ್ಲೇ ಇರಲಿ ಅಂತ ನಾನು ಹೇಳಲು ಮುಖ್ಯ ಕಾರಣ ಇದು.

ಇನ್ನೊಂದು ಕಾರಣ ಸರಳು. ಹಳೆ ಕಿಟಕಿಯಲ್ಲಿ ಕಬ್ಬಿಣದ ಸರಳುಗಳು ಚೌಕಟ್ಟಿನ ಮರದ ಒಳಗೇ ಹಾದು ಹೋಗಿರುತ್ತವೆ. ಚೌಕಟ್ಟು ಹೋದರೆ ಸರಳೂ ಹೋಗುತ್ತವೆ. ಯುಪಿವಿಸಿ ಕಿಟಕಿಗೆ ಕಳ್ಳರನ್ನು ತಡೆಯುವ ಶಕ್ತಿ ಇಲ್ಲ, ಬೇರೆ ಗ್ರಿಲ್ ಮಾಡಿಸಲೇಬೇಕು. ನಿಮ್ಮ ಅಂಗಡಿಯವರ ಲೆಕ್ಕ ನೋಡಿ: 11 ಕಿಟಕಿಗೆ 176 ಚದರ ಅಡಿ, 750ರಂತೆ 1,32,000, ಅದಕ್ಕೆ 18% ಜಿಎಸ್‌ಟಿ 23,760, ಒಟ್ಟು 1,55,760 ರೂಪಾಯಿ. ಇದರಲ್ಲಿ ಗ್ರಿಲ್ ಇಲ್ಲ. ಕೀಳುವ ಕೂಲಿ, ಸುತ್ತಲಿನ ಗಾರೆ, ಬಣ್ಣ, ಕಟ್ಟೆಯ ಕಲ್ಲು ಯಾವುದೂ ಇದ್ದ ಹಾಗೆ ಕಾಣುವುದಿಲ್ಲ. ಕೇಳಿ ಬರೆಸಿಕೊಳ್ಳಿ. ಮೂರೇ ಕಿಟಕಿ ಬದಲಿಸಿದರೆ ಅದೇ ದರದಲ್ಲಿ 48 ಚದರ ಅಡಿಗೆ 36,000, ಜಿಎಸ್‌ಟಿ ಸೇರಿ 42,480. ಉಳಿದ ದುಡ್ಡಿನಲ್ಲಿ ಎಂಟು ಸಾಗವಾನಿ ಕಿಟಕಿಯ ರಿಪೇರಿ, ಸಜ್ಜಾ, ಕಟ್ಟೆ, ಸೊಳ್ಳೆ ಜಾಳಿಗೆ ಎಲ್ಲಕ್ಕೂ ದಾರಿ ಆಗುತ್ತದೆ.

ಹಿಂದಿನ ಕಬ್ಬಿಣದ ಮೂರನ್ನು ಯಾಕೆ ಬದಲಿಸಬೇಕು ಅಂದರೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಮೂಲ ಕಬ್ಬಿಣಕ್ಕಿಂತ ತುಕ್ಕಿಗೆ ಹಲವು ಪಾಲು ಜಾಸ್ತಿ ಜಾಗ ಬೇಕು. ಆ ಒತ್ತಡಕ್ಕೆ ಮೂಲೆಯ ಗಾಜು ತಾನಾಗೇ ಸೀಳುತ್ತದೆ, ಸುತ್ತಲಿನ ಗಾರೆ ಸಿಡಿಯುತ್ತದೆ. ಮೇಲೆ ಬಣ್ಣ ಬಳಿದು ನಾಲ್ಕೈದು ವರ್ಷ ತಳ್ಳಬಹುದು, ಅಷ್ಟೇ. ಅದು ಆರ್‌ಸಿಸಿ ಭಾಗ, ಮೇಲೆ ಲಿಂಟೆಲ್ (ಕಾಂಕ್ರೀಟ್ ತೊಲೆ) ಇರುತ್ತದೆ, ಕೀಳುವುದೂ ಸುರಕ್ಷಿತ.

ಆ ಮೂರಕ್ಕೆ ಸ್ಲೈಡಿಂಗ್ ಬೇಡ. ಸ್ಲೈಡಿಂಗ್ ಕಿಟಕಿ ಎಷ್ಟೇ ತೆರೆದರೂ ಅರ್ಧವೇ ತೆರೆಯುತ್ತದೆ, ನಾಲ್ಕು ಅಡಿಯಲ್ಲಿ ಗಾಳಿಗೆ ಎರಡು ಅಡಿಯೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಧೂಳು. ಕೆಳಗಿನ ಹಳಿಯಲ್ಲಿ ಬಿದ್ದ ಮಳೆನೀರು ಹೊರಗೆ ಹೋಗಲು ಚೌಕಟ್ಟಿನ ಹೊರಬದಿಯಲ್ಲಿ ಸಣ್ಣ ತೂತುಗಳಿರುತ್ತವೆ. ಬೇಸಿಗೆಯ ಧೂಳು ಹಳಿಯಲ್ಲಿ ಕೂತು, ಮೊದಲ ಮಳೆಗೆ ಕೆಸರಾಗಿ ಆ ತೂತನ್ನು ಮುಚ್ಚಿಬಿಡುತ್ತದೆ. ಹಳಿ ತುಂಬುತ್ತದೆ, ನೀರು ಒಳಗೆ ಉಕ್ಕುತ್ತದೆ. ಸ್ಲೈಡಿಂಗ್ ಈಗಾಗಲೇ ಹಾಕಿಸಿದವರು ಮೇ ತಿಂಗಳಲ್ಲಿ ಒಂದು ಸಲ ಹಳೆ ಹಲ್ಲುಜ್ಜುವ ಬ್ರಷ್ ಮತ್ತು ಕಡ್ಡಿಯಿಂದ ಅದನ್ನು ಬಿಡಿಸಿ, ಒಂದು ತಂಬಿಗೆ ನೀರು ಸುರಿದು ಹೊರಗೆ ಹೋಗುತ್ತಾ ನೋಡಬೇಕು. ಹೊರಗೆ ತೆರೆಯುವ ಕದಕ್ಕೆ ಈ ಕಾಟವೂ ಕಡಿಮೆ, ಮುಚ್ಚಿದಾಗ ಸುತ್ತಲೂ ರಬ್ಬರ್ ಒತ್ತಿ ಕೂರುವುದರಿಂದ ಅಡ್ಡ ಮಳೆ, ಧೂಳು, ರಸ್ತೆಯ ಗದ್ದಲ ಮೂರನ್ನೂ ಚೆನ್ನಾಗಿ ತಡೆಯುತ್ತದೆ. ದರ ಸ್ವಲ್ಪ ಜಾಸ್ತಿ. ಕೊಡಿ. ಪಿ.ಬಿ. (ಪುಣೆ-ಬೆಂಗಳೂರು) ರೋಡಿನ ಬದಿಗೆ ಮನೆ ಇರುವವರಿಗೂ ಇದನ್ನೇ ಹೇಳುತ್ತೇನೆ. ಡಬಲ್ ಗಾಜಿನ ಆಸೆಗೆ ಬೀಳಬೇಡಿ. ಎಸಿ ಇಲ್ಲದ, ವರ್ಷದ ಬಹುಪಾಲು ಕಿಟಕಿ ತೆರೆದೇ ಇರುವ ಧಾರವಾಡದ ಮನೆಗೆ ಅದು ದಂಡ. ಪಶ್ಚಿಮದ ಸಂಜೆ ಬಿಸಿಲಿಗೆ ಬಣ್ಣದ ಗಾಜಿಗಿಂತ ಹೊರಗಡೆ ಇಳಿಬಿಟ್ಟ ಬಿದಿರಿನ ಪರದೆ ಹೆಚ್ಚು ತಂಪು ಕೊಡುತ್ತದೆ, ಬಿಸಿಲು ಗಾಜನ್ನು ದಾಟುವ ಮುಂಚೆಯೇ ತಡೆಯಬೇಕು.

ಯುಪಿವಿಸಿ ಒಪ್ಪುವ ಮುಂಚೆ ಪಟ್ಟಿಯ ಒಂದು ಕತ್ತರಿಸಿದ ತುಂಡು ಕೇಳಿ, ಕೈಯಲ್ಲಿ ಹಿಡಿದು ನೋಡಿ. ಹೊರಗೋಡೆಯ ದಪ್ಪ ಎರಡೂವರೆಯಿಂದ ಮೂರು ಎಂಎಂ ಹತ್ತಿರ ಇರಲಿ. ಒಳಗಿನ ಟೊಳ್ಳಿನಲ್ಲಿ ಗ್ಯಾಲ್ವನೈಸ್ಡ್ ಉಕ್ಕಿನ ಪಟ್ಟಿ ಇರಬೇಕು. ನಾಲ್ಕೂ ಬದಿಗೆ ಹಾಕುತ್ತಾರಾ, ಬರೀ ಎರಡು ಬದಿಗಾ, ಕೇಳಿ. ಅಲ್ಯೂಮಿನಿಯಂ ಕೂಡ ಒಳ್ಳೆಯದೇ, ಪೌಡರ್ ಕೋಟಿಂಗ್ ಇರುವ ದಪ್ಪ ಸೆಕ್ಷನ್ ಆದರೆ ಬಿಸಿಲಿಗೆ ಇನ್ನೂ ಗಟ್ಟಿ, ಪಟ್ಟಿಗಳು ಸಪೂರ ಇರುವುದರಿಂದ ಬೆಳಕೂ ಜಾಸ್ತಿ. ನಾನು ಈ ಎರಡರ ನಡುವೆ ಜಗಳ ಮಾಡುವುದಿಲ್ಲ. ಕೂರಿಸುವವರ ಕೈ ಚೆನ್ನಾಗಿದ್ದರೆ ಎರಡೂ ಬಾಳುತ್ತವೆ.

ಕೂರಿಸುವಾಗ ನೀವೇ ಪಕ್ಕದಲ್ಲಿ ನಿಲ್ಲಿ. ಅಳತೆಯನ್ನು ಅಗಲದಲ್ಲಿ ಮೂರು ಕಡೆ, ಎತ್ತರದಲ್ಲಿ ಮೂರು ಕಡೆ ತಗೊಂಡು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಹಿಡಿಯಬೇಕು, ಮೂಲೆಯಿಂದ ಮೂಲೆಗೂ ಅಳೆಯಬೇಕು. ಸುತ್ತಲೂ ಐದು ಎಂಎಂ ಸಂದು ಬಿಡಬೇಕು, ಯಾಕೆಂದರೆ 4 ಅಡಿಯ ಯುಪಿವಿಸಿ ಪಟ್ಟಿ 30 ಡಿಗ್ರಿ ವ್ಯತ್ಯಾಸಕ್ಕೆ ಎರಡೂವರೆ ಎಂಎಂನಷ್ಟು ಹಿಗ್ಗುತ್ತದೆ. ಬಿಗಿಯಾಗಿ ತುರುಕಿದರೆ ಏಪ್ರಿಲ್ ಬಿಸಿಲಿಗೆ ಬಾಗುತ್ತದೆ. ಆ ಸಂದಿಗೆ ಫೋಮ್ ತುಂಬುತ್ತಾರೆ. ಫೋಮ್ ನೀರು ತಡೆಯುವ ವಸ್ತುವಲ್ಲ, ಬಿಸಿಲಿಗೆ ಪುಡಿಯಾಗುತ್ತದೆ, ಅದರ ಮೇಲೆ ಹೊರಗಡೆ ಸೀಲೆಂಟ್ ಬರಲೇಬೇಕು. ಸೀಲೆಂಟ್ ಹಚ್ಚುವಾಗ ವಿನೆಗರ್ ವಾಸನೆ ಬಂದರೆ ನಿಲ್ಲಿಸಿ. ಆ ಜಾತಿಯ ಸಿಲಿಕೋನ್ ಸಿಮೆಂಟ್ ಗೋಡೆಗೆ ಸರಿಯಾಗಿ ಹಿಡಿಯುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ತರಿಸಿ. ಮೇಲೆ ಬಣ್ಣ ಬಳಿಯುವುದಿದ್ದರೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಪ್ಪಂದ ಮಾಡುವಾಗಲೇ ಹತ್ತರಲ್ಲಿ ಒಂದು ಪಾಲು ದುಡ್ಡು ಪೈಪಿನ ಪರೀಕ್ಷೆ ಆದ ಮೇಲೆ ಅಂತ ಬರೆಸಿಕೊಳ್ಳಿ.

ನಿಮ್ಮ ಮನೆಯವರ ಸೊಳ್ಳೆಯ ಚಿಂತೆ ನಿಜವಾದದ್ದು, ಅದಕ್ಕೆ ಸಾಗವಾನಿ ಅಡ್ಡಿಯಲ್ಲ. ಕದ ಹೊರಗೆ ತೆರೆಯುತ್ತದೆ, ಸರಳು ನಡುವೆ ಇದೆ, ಒಳ ಬದಿ ಖಾಲಿ. ಅಲ್ಲಿ ಸಪೂರ ಚೌಕಟ್ಟಿನ ಸ್ಟೀಲ್ ಜಾಳಿಗೆಯ ಕದ ಕೂರಿಸಿ. ನಿಮ್ಮದು ಮೇಲೊಂದು ಜೋಡಿ, ಕೆಳಗೊಂದು ಜೋಡಿ ಕದ ಇರುವ ಹಳೆ ನಮೂನೆಯ ಕಿಟಕಿ ಆಗಿದ್ದರೆ ಜಾಳಿಗೆಯನ್ನೂ ಹಾಗೇ ಎರಡು ಭಾಗ ಮಾಡಿಸಿ. ರಾತ್ರಿ ಕೆಳಗಿನದು ಮುಚ್ಚಿ ಮೇಲಿನದು ತೆರೆದು ಮಲಗುವ ಸುಖ ಯಾವ ಸ್ಲೈಡಿಂಗ್ ಕಿಟಕಿಯಲ್ಲೂ ಇಲ್ಲ. ಧೂಳಿಗೆ ಕದ ಮತ್ತು ಚೌಕಟ್ಟು ತಾಗುವ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದರೆ ಬಹಳ ಮಟ್ಟಿಗೆ ನಿಲ್ಲುತ್ತದೆ.

ಬಚ್ಚಲಮನೆಯ ಕಿಟಕಿ ಈ 11ರಲ್ಲಿ ಸೇರಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಲ್ಲಿ ಗ್ಯಾಸ್ ಗೀಸರ್ ಇದ್ದರೆ ಆ ಕಿಟಕಿಯನ್ನು ರಬ್ಬರ್ ಹಾಕಿ ಬಿಗಿ ಮಾಡಲೇಬೇಡಿ, ಗಾಳಿಯಾಡಲು ಓರೆ ಗಾಜಿನ ಪಟ್ಟಿಗಳಿದ್ದರೆ ತೆಗೆಯಬೇಡಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ವಾಸನೆ ಇರುವುದಿಲ್ಲ, ಗೊತ್ತಾಗುವುದೂ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಕಿಟಕಿ ಕೆಲಸ ತಡವಾದರೂ ಇದನ್ನು ಈ ವಾರವೇ ಮಾಡಿ.

ಉಳಿದದ್ದಕ್ಕೆ ಅವಸರ ಇಲ್ಲ. ಮೊದಲು ಪೈಪಿನ ಪರೀಕ್ಷೆ, ಒಂದೊಂದು ಕಿಟಕಿಗೆ ಒಂದೊಂದು ಹಾಳೆಯಲ್ಲಿ ಎಲ್ಲಿಂದ ಎಷ್ಟು ನಿಮಿಷಕ್ಕೆ ನೀರು ಬಂತು ಅಂತ ಬರೆದಿಡಿ. ಸಜ್ಜಾ, ಕಟ್ಟೆ ಕೆಲಸ ಮಳೆಗೆ ಮುಂಚೆ, ಮರದ ಕೆಲಸ ದೀಪಾವಳಿ ಆದಮೇಲೆ. ಸ್ಕ್ರೂಡ್ರೈವರ್ ಇಳಿದ ಕಿಟಕಿಗಳ ಕೆಳಮೂಲೆಯ ಫೋಟೋ ಮತ್ತು ಆ ಹಾಳೆಗಳನ್ನು ಕಳಿಸಿ, ಯಾವ ಪಟ್ಟಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಅಂತ ಹೇಳುತ್ತೇನೆ.